ಹೆಸರು ಕೆಟ್ಟ ಡೆಂಟಲ್ ಕಾಲೇಜು: ಸೀಟು ಒಪ್ಪಿಕೊಳ್ಳುವ ಮೊದಲು ಏನೇನು ನೋಡಬೇಕು

ಸೀಟು ಸಿಕ್ಕಿದೆ. ಆದರೆ ಕಾಲೇಜಿನ ಹೆಸರು ಹೇಳಿದ ಕೂಡಲೇ ಎದುರಿಗಿದ್ದವರ ಮುಖ ಸಪ್ಪಗಾಗುತ್ತದೆ. 'ಅಲ್ಲಿಗಾ? ಬೇಡ ಬಿಡು' ಅನ್ನುತ್ತಾರೆ. ಯಾಕೆ ಬೇಡ ಅಂತ ಕೇಳಿದರೆ 'ಹೆಸರು ಚೆನ್ನಾಗಿಲ್ಲ' ಅನ್ನುವುದರಿಂದ ಮುಂದೆ ಮಾತು ಹೋಗುವುದಿಲ್ಲ. ಅಷ್ಟರಲ್ಲಿ ಫೀಸು ಕಟ್ಟುವ ಕೊನೆ ದಿನ ಹತ್ತಿರ ಬಂದಿರುತ್ತದೆ. ಆ ನಡುವಿನ ಕೆಲವೇ ದಿನಗಳಲ್ಲಿ ಏನು ಮಾಡಬೇಕು ಅಂತ ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಲ್ಲಿನ ವೈದ್ಯಕೀಯ ಕೈಯಿಂದ ಕಲಿಯುವ ವಿದ್ಯೆ. ಅಂಗರಚನೆ, ಔಷಧಗಳ ಪಾಠ ಇವನ್ನೆಲ್ಲ ಒಳ್ಳೆಯ ಪುಸ್ತಕ ಹಿಡಿದು ಎಲ್ಲಿ ಕೂತರೂ ಕಲಿಯಬಹುದು. ಆದರೆ ಬಾಯಿ ಪೂರ್ತಿ ತೆರೆಯಲಾಗದ, ಭಯಕ್ಕೆ ನಾಲಿಗೆ ಅಡ್ಡ ತರುವ ರೋಗಿಯ ಹಿಂದಿನ ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡುವುದನ್ನು ರೋಗಿಯ ಪಕ್ಕದಲ್ಲೇ ಕೂತು ಕಲಿಯಬೇಕು. ಅದಕ್ಕೆ ಬೇರೆ ದಾರಿ ಇಲ್ಲ. ಹಾಗಾಗಿ ಕಾಲೇಜಿನ ಬಗ್ಗೆ ಯಾರು ಏನೇ ಹೇಳಲಿ, ನಿಮ್ಮ ತಲೆಯಲ್ಲಿ ಓಡಬೇಕಾದ ಪ್ರಶ್ನೆ ಇದು: ಇಲ್ಲಿ ನನ್ನ ಕೈಗೆ ಎಷ್ಟು ರೋಗಿಗಳು ಸಿಗುತ್ತಾರೆ, ನಾನು ಮಾಡಿದ್ದನ್ನು ನೋಡಿ ತಿದ್ದುವವರು ಪಕ್ಕದಲ್ಲಿ ಇರುತ್ತಾರಾ?

1. 'ಹೆಸರು ಚೆನ್ನಾಗಿಲ್ಲ' ಅನ್ನುವುದನ್ನು ಬಿಡಿಸಿ ನೋಡಿ

ಒಂದು ಹಾಳೆ ತೆಗೆದುಕೊಳ್ಳಿ. ಕಿವಿಗೆ ಬಿದ್ದ ಒಂದೊಂದು ದೂರನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿರಿ. ಪ್ರತಿ ಸಾಲಿನ ಮುಂದೆ ಮೂರು ವಿಷಯ ಸೇರಿಸಿ. ಹೇಳಿದವರು ಯಾರು? ಅವರು ಅಲ್ಲಿ ಓದಿದವರಾ, ಅಥವಾ ಇನ್ನೊಬ್ಬರ ಬಾಯಲ್ಲಿ ಕೇಳಿದ್ದಾ? ಇದು ಯಾವ ವರ್ಷದ ಮಾತು?

ಹೀಗೆ ಬರೆದರೆ ಅರ್ಧದಷ್ಟು ಸಾಲು ತಾನಾಗಿ ಉದುರುತ್ತವೆ. ಹತ್ತು ಜನ ಹೇಳಿದ್ದು ಒಬ್ಬರೇ ಹಳೆ ವಿದ್ಯಾರ್ಥಿಯ ಕಥೆ ಅಂತ ಗೊತ್ತಾಗಬಹುದು. ಪ್ರಿನ್ಸಿಪಾಲರು ಬದಲಾಗಿ, ಆಡಳಿತ ಬದಲಾಗಿ ವರ್ಷಗಳೇ ಕಳೆದಿರುತ್ತವೆ, ದೂರು ಮಾತ್ರ ಹಳೆಯದೇ ಓಡಾಡುತ್ತಿರುತ್ತದೆ. ಕಾಲೇಜಿನ ಹೆಸರು ಕೆಡುವುದಕ್ಕೆ ಒಂದು ವರ್ಷ ಸಾಕು, ಸರಿಹೋಗುವುದಕ್ಕೆ ತುಂಬಾ ವರ್ಷ ಬೇಕು. ಇದರ ಉಲ್ಟಾ ಕೂಡ ನಿಜ. ಒಂದು ಕಾಲದಲ್ಲಿ ದೊಡ್ಡ ಹೆಸರಿದ್ದ ಕಾಲೇಜಿನಿಂದ ಒಳ್ಳೆಯ ಮೇಷ್ಟ್ರುಗಳೆಲ್ಲ ಬಿಟ್ಟು ಹೋಗಿದ್ದರೂ ಹೆಸರು ಇನ್ನೂ ಉಳಿದಿರುತ್ತದೆ.

ಉಳಿದ ದೂರುಗಳನ್ನು ತೂಗಿ ನೋಡಿ. ಎಲ್ಲದರ ತೂಕ ಒಂದೇ ಅಲ್ಲ. 'ಮಾನ್ಯತೆ ಹೋಗುತ್ತಂತೆ', 'ರೋಗಿಗಳೇ ಬರಲ್ಲ', 'ಮೇಷ್ಟ್ರು ಇರಲ್ಲ' ಇವು ಭಾರದವು. 'ಕಟ್ಟಡ ಹಳೆಯದು', 'ಊರಿನಿಂದ ದೂರ', 'ಫೆಸ್ಟ್ ಮಾಡಲ್ಲ' ಇವು ಹಗುರ. 'ಸುಮ್ನೆ ಫೇಲ್ ಮಾಡ್ತಾರೆ' ಅನ್ನುವ ದೂರಿಗೆ ಮಾತ್ರ ಸ್ವಲ್ಪ ಹೊತ್ತು ಕೊಡಿ. ಅದರೊಳಗೆ ಎರಡು ಬೇರೆ ಬೇರೆ ಸಂಗತಿ ಇರಬಹುದು. ಒಂದು, ಕೆಲಸ ಸರಿಯಾಗಿ ಬಾರದವರನ್ನು ರೋಗಿಯ ಹತ್ತಿರ ಬಿಡುವುದಿಲ್ಲ ಅನ್ನುವ ಕಟ್ಟುನಿಟ್ಟು. ಅದು ದೂರಲ್ಲ, ಒಳ್ಳೆಯ ಗುಣ. ಇನ್ನೊಂದು, ಯಾವ ತಪ್ಪಿಗೆ ಫೇಲ್ ಮಾಡಿದರು ಅಂತ ಹೇಳದೆ, ಮತ್ತೆ ಕಲಿಸದೆ, ಇನ್ನೊಂದು ವರ್ಷದ ಫೀಸು ಕಟ್ಟಿಸಿಕೊಳ್ಳುವುದು. ಫೇಲಾದವರನ್ನೇ ಕೇಳಿ: ಏನು ತಪ್ಪಾಗಿತ್ತು ಅಂತ ತೋರಿಸಿದರಾ? ಮತ್ತೆ ಅಭ್ಯಾಸಕ್ಕೆ ಕೂರಿಸಿದರಾ? ಈ ಎರಡು ಉತ್ತರದಲ್ಲಿ ಕಾಲೇಜಿನ ಬಣ್ಣ ಗೊತ್ತಾಗುತ್ತದೆ.

2. ಮಾನ್ಯತೆ: ಇದರಲ್ಲಿ ರಾಜಿ ಇಲ್ಲ

ಡಿಗ್ರಿ ಕೈಯಲ್ಲಿದ್ದೂ ಡಾಕ್ಟರಾಗಿ ಕೆಲಸ ಮಾಡಲು ಬೇಕಾದ ರಿಜಿಸ್ಟ್ರೇಷನ್ ಸಿಗದಿದ್ದರೆ ಓದಿದ್ದೆಲ್ಲ ನೀರಿನಲ್ಲಿ ಹೋಮ. ಹಾಗಾಗಿ ಮಾನ್ಯತೆಯ ವಿಷಯವನ್ನು ಕಾಲೇಜಿನ ಬ್ರೋಷರ್‌ನಲ್ಲಿ ನೋಡಬೇಡಿ. ಮಾನ್ಯತೆ ಕೊಡುವ ಸಂಸ್ಥೆಯ ಪಟ್ಟಿಯಲ್ಲೇ ನೋಡಿ.

ಒಂದೊಂದು ದೇಶದಲ್ಲಿ ಒಂದೊಂದು ವ್ಯವಸ್ಥೆ. ಅಮೆರಿಕದಲ್ಲಿ ಈ ಕೆಲಸ ಮಾಡುವುದು ಕಮಿಷನ್ ಆನ್ ಡೆಂಟಲ್ ಅಕ್ರೆಡಿಟೇಷನ್. ಕೋಡಾ ಅಂತ ಕರೆಯುತ್ತಾರೆ. ಅದು ಸಾಮಾನ್ಯವಾಗಿ 7 ವರ್ಷಕ್ಕೊಮ್ಮೆ ಕಾಲೇಜಿಗೆ ತಂಡ ಕಳಿಸುತ್ತದೆ. ಅಲ್ಲಿನ ಒಪ್ಪಿಗೆಯಲ್ಲೇ ಎರಡು ಬಗೆ ಇದೆ. ಏನೂ ತಕರಾರಿಲ್ಲದ ಒಪ್ಪಿಗೆ ಒಂದು. ಕೊರತೆ ಕಂಡಿದೆ, ಇಂತಿಷ್ಟು ಅವಧಿಯಲ್ಲಿ ಸರಿಮಾಡಿ ವರದಿ ಕೊಡಿ ಅನ್ನುವ ಒಪ್ಪಿಗೆ ಇನ್ನೊಂದು. ಹೊಸ ಕಾಲೇಜುಗಳಿಗೆ ಆರಂಭಿಕ ಮಾನ್ಯತೆ ಅಂತ ಬೇರೆಯೇ ಇದೆ. ಬ್ರಿಟನ್‌ನಲ್ಲಿ ಜನರಲ್ ಡೆಂಟಲ್ ಕೌನ್ಸಿಲ್ ಕಾಲೇಜುಗಳನ್ನು ಪರಿಶೀಲಿಸಿದ ವರದಿಗಳನ್ನೇ ಪ್ರಕಟಿಸುತ್ತದೆ. ಭಾರತದಲ್ಲಿ 1948ರ ದಂತವೈದ್ಯರ ಕಾಯ್ದೆಯಡಿ ದಂತ ವೈದ್ಯಕೀಯ ಪರಿಷತ್ತು ಬಂತು. ಅದರ ಜಾಗಕ್ಕೆ ರಾಷ್ಟ್ರೀಯ ದಂತ ಆಯೋಗ ತರುವ ಕಾಯ್ದೆ 2023ರಲ್ಲಿ ಪಾಸಾಯಿತು.

ಇಲ್ಲಿ ಗಮನಿಸಬೇಕಾದ ಸೂಕ್ಷ್ಮಗಳಿವೆ. 'ಮಾನ್ಯತೆ ಇದೆ' ಅನ್ನುವುದೂ 'ಕೋರ್ಸ್ ಶುರುಮಾಡಲು ಅನುಮತಿ ಇದೆ' ಅನ್ನುವುದೂ ಬೇರೆ. ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇದ್ದ ಮಾತ್ರಕ್ಕೆ ಅದರ ಡೆಂಟಲ್ ಕೋರ್ಸಿಗೂ ಇದೆ ಅಂತಲ್ಲ. ನಿಮ್ಮ ಬ್ಯಾಚಿನ ವರ್ಷಕ್ಕೆ, ನಿಮ್ಮ ಬ್ಯಾಚಿನ ಸೀಟಿನ ಸಂಖ್ಯೆಗೆ ಒಪ್ಪಿಗೆ ಇದೆಯಾ ನೋಡಿ. ಷರತ್ತಿನ ಒಪ್ಪಿಗೆ ಇದ್ದರೆ ಹೆದರಿ ಓಡಬೇಕಾಗಿಲ್ಲ. ಯಾವ ಕೊರತೆ ಅಂತ ಕೇಳಿ. ಕಡತ ಸರಿಯಿಲ್ಲ ಅನ್ನುವುದಕ್ಕೂ ರೋಗಿಗಳು ಸಾಲದು ಅನ್ನುವುದಕ್ಕೂ ಅಜಗಜಾಂತರ ಇದೆ.

ಬೇರೆ ದೇಶದಲ್ಲಿ ಕೆಲಸ ಮಾಡುವ ಆಸೆ ಇದ್ದರೆ ಅದನ್ನೂ ಈಗಲೇ ನೋಡಿಕೊಳ್ಳಿ. ಅಮೆರಿಕ ಮತ್ತು ಕೆನಡಾ ಒಬ್ಬರ ಮಾನ್ಯತೆಯನ್ನು ಇನ್ನೊಬ್ಬರು ಒಪ್ಪುತ್ತವೆ. ಭಾರತದಲ್ಲಿ ಬಿಡಿಎಸ್, ಅಂದರೆ ಹಲ್ಲಿನ ಡಾಕ್ಟರ ಮೊದಲ ಡಿಗ್ರಿ, ಮುಗಿಸಿದವರು ಅಮೆರಿಕಕ್ಕೆ ಹೋದರೆ ಸಾಮಾನ್ಯವಾಗಿ ಅಲ್ಲಿನ ಕಾಲೇಜಿನಲ್ಲಿ ಮತ್ತೆ ಎರಡು ಮೂರು ವರ್ಷ ಓದಬೇಕಾಗುತ್ತದೆ. ಅವರಿಗೆ ಕಾಲೇಜಿನ ಹೆಸರಿಗಿಂತ ಅಂಕಪಟ್ಟಿ, ಕೆಲಸದ ಅನುಭವ, ಕೈಚಳಕ ಜಾಸ್ತಿ ಉಪಯೋಗಕ್ಕೆ ಬರುತ್ತವೆ.

3. ಅಂಕಿ ಅಂಶ ಕೇಳಿ, ಛೇದ ಯಾವುದು ಅಂತಲೂ ಕೇಳಿ

'ನಮ್ಮಲ್ಲಿ ನೂರಕ್ಕೆ ನೂರು ಪಾಸ್' ಅಂತ ಕಾಲೇಜು ಹೇಳಬಹುದು. ನೂರು ಅಂದರೆ ಯಾರ ನೂರು? ಪರೀಕ್ಷೆಗೆ ಕೂತವರದಾ, ಮೊದಲ ವರ್ಷ ಸೇರಿದವರದಾ? ದುರ್ಬಲರನ್ನು ಪರೀಕ್ಷೆಗೇ ಕೂರಿಸದಿದ್ದರೆ ಯಾವ ಕಾಲೇಜಾದರೂ ನೂರು ತೋರಿಸಬಹುದು. ಒಂದೇ ಬ್ಯಾಚನ್ನು ಹಿಡಿದು ಕೇಳಿ. ಎಷ್ಟು ಜನ ಸೇರಿದರು? ಅವರಲ್ಲಿ ಎಷ್ಟು ಜನ ಸರಿಯಾದ ವರ್ಷಕ್ಕೆ ಹೊರಬಂದರು? ಎಷ್ಟು ಜನ ಬಿಟ್ಟು ಹೋದರು? ಲೈಸೆನ್ಸ್ ಪರೀಕ್ಷೆ ಇರುವ ದೇಶವಾದರೆ ಮೊದಲ ಪ್ರಯತ್ನದಲ್ಲೇ ಎಷ್ಟು ಜನ ದಾಟಿದರು? ಒಂದು ವರ್ಷದ ಲೆಕ್ಕ ಸಾಲದು. ಮೂರ್ನಾಲ್ಕು ವರ್ಷದ್ದು ಒಟ್ಟಿಗೆ ಇಟ್ಟು ನೋಡಿದರೆ ಕಾಲೇಜು ಮೇಲೆ ಬರುತ್ತಿದೆಯಾ, ಕೆಳಗೆ ಇಳಿಯುತ್ತಿದೆಯಾ ಗೊತ್ತಾಗುತ್ತದೆ.

4. ಕ್ಲಿನಿಕ್ಕಿಗೆ ಹೋಗಿ ನಿಲ್ಲಿ

ನನ್ನನ್ನು ಕೇಳಿದರೆ ಉಳಿದೆಲ್ಲ ಹೆಜ್ಜೆ ಬಿಟ್ಟರೂ ಇದನ್ನು ಬಿಡಬೇಡಿ. ಕಾಲೇಜು ಕರೆದ ದಿನ ಹೋದರೆ ಸಿಂಗಾರ ಮಾಡಿಟ್ಟಿರುತ್ತಾರೆ. ವಾರದ ನಡುವಿನ ಒಂದು ಮಾಮೂಲಿ ದಿನ, ಬೆಳಗ್ಗೆ ಹೊತ್ತು ಹೋಗಿ. ಡೆಂಟಲ್ ಕಾಲೇಜಿನ ಆಸ್ಪತ್ರೆಗೆ ರೋಗಿಗಳು ಬಂದೇ ಬರಬೇಕು. ಹಾಗಾಗಿ ಹೊರರೋಗಿ ವಿಭಾಗದವರೆಗೆ ಹೋಗುವುದಕ್ಕೆ ಸಾಮಾನ್ಯವಾಗಿ ತೊಂದರೆ ಇಲ್ಲ. ನಿಮಗೇ ಹಲ್ಲು ತೋರಿಸುವುದಿದ್ದರೆ ಚೀಟಿ ಮಾಡಿಸಿಕೊಂಡೇ ಹೋಗಿ. ಒಳಗಿನ ವಿಭಾಗಗಳನ್ನು ನೋಡಲು ಅನುಮತಿ ಕೇಳಿ. ರೋಗಿಗಳ ಫೋಟೋ ಮಾತ್ರ ತೆಗೆಯಬೇಡಿ.

ಮೊದಲು ಬೆಂಚು ನೋಡಿ. ಕಾಯುವವರು ಇದ್ದಾರಾ? ಚೀಟಿ ಕೊಡುವಲ್ಲಿ ಸಾಲು ಇದೆಯಾ? ಆಮೇಲೆ ಡೆಂಟಲ್ ಚೇರುಗಳನ್ನು ನೋಡಿ. ಇರುವ ಚೇರುಗಳನ್ನು ಎಣಿಸುವುದು ಸುಲಭ. ಅವುಗಳಲ್ಲಿ ಎಷ್ಟರ ಮೇಲೆ ರೋಗಿ ಮಲಗಿದ್ದಾರೆ, ಎಷ್ಟರ ಲೈಟು ಉರಿಯುತ್ತದೆ, ಎಂಜಲು ಹೀರುವ ಸಕ್ಷನ್ ಎಳೆಯುತ್ತದೆ ಅಂತ ನೋಡಿ. ಒಂದು ಚೇರಿನ ಸುತ್ತ ಐದಾರು ಹುಡುಗರು ನಿಂತು ಇಣುಕುತ್ತಿದ್ದರೆ ಅವರಲ್ಲಿ ಒಬ್ಬರಿಗಷ್ಟೇ ಕೆಲಸ, ಉಳಿದವರಿಗೆ ನೋಟ.

ಒಂದು ರೂಟ್ ಕೆನಾಲ್ ಕೇಸನ್ನು ಹಿಡಿದು ನೋಡಿದರೆ ಕಾಲೇಜಿನ ಹೂರಣ ಪೂರ್ತಿ ಕಾಣುತ್ತದೆ. ಮೇಲಿನ ದವಡೆಯ ಮೊದಲ ದೊಡ್ಡ ಹಲ್ಲು ಅಂತ ಇಟ್ಟುಕೊಳ್ಳಿ. ಅದರ ಬೇರುಗಳಲ್ಲಿ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ನಾಳ ಇರುತ್ತವೆ. ಆ ನಾಲ್ಕನೆಯದು ಸುಲಭಕ್ಕೆ ಕಣ್ಣಿಗೆ ಬೀಳುವುದಿಲ್ಲ. ವಿದ್ಯಾರ್ಥಿ ಮೊದಲು ಎಕ್ಸ್-ರೇ ತೆಗೆಸುತ್ತಾನೆ. ಅರಿವಳಿಕೆ ಕೊಡುತ್ತಾನೆ. ರಬ್ಬರ್ ಡ್ಯಾಮ್ ಅನ್ನುವ ತೆಳು ರಬ್ಬರ್ ಹಾಳೆ ಹಾಕಿ ಹಲ್ಲನ್ನು ಬಾಯಿಯ ಉಳಿದ ಭಾಗದಿಂದ ಬೇರೆ ಮಾಡುತ್ತಾನೆ. ಹಲ್ಲಿನ ಮೇಲೆ ತೂತು ತೆರೆದು ನಾಳ ಹುಡುಕುತ್ತಾನೆ. ಉದ್ದ ಅಳೆಯುತ್ತಾನೆ. ಫೈಲು ಅನ್ನುವ ಸೂಜಿಯಂಥ ಸಣ್ಣ ಉಪಕರಣಗಳಿಂದ ಉಜ್ಜಿ, ಹೈಪೋಕ್ಲೋರೈಟ್ ದ್ರಾವಣದಿಂದ ತೊಳೆದು, ಗಟ್ಟಾ ಪರ್ಚಾ ಅನ್ನುವ ರಬ್ಬರಿನಂಥ ವಸ್ತು ತುಂಬಿ, ಮತ್ತೆ ಎಕ್ಸ್-ರೇ ತೆಗೆದು ನೋಡುತ್ತಾನೆ. ಕೊನೆಗೆ ಕ್ಯಾಪ್. ಇಲ್ಲಿ ಒಂದೊಂದು ಹಂತದಲ್ಲೂ ಮೇಷ್ಟ್ರು ಬಂದು ಬಗ್ಗಿ ನೋಡಿ, 'ಸರಿ, ಮುಂದೆ ಹೋಗು' ಅಂತ ಸಹಿ ಹಾಕಬೇಕು.

ಈಗ ನೀವು ನೋಡಬೇಕಾದ್ದು ಇಷ್ಟು. ರಬ್ಬರ್ ಡ್ಯಾಮ್ ಹಾಕಿದ್ದಾರಾ? ಅದು ಇಲ್ಲದಿದ್ದರೆ ಎಂಜಲು ನಾಳಕ್ಕೆ ಹೋಗುತ್ತದೆ, ಕೈಜಾರಿದ ಫೈಲು ಗಂಟಲಿಗೆ ಹೋಗಬಹುದು. ಅದನ್ನು ಬಿಟ್ಟು ಕೆಲಸ ಮಾಡಿಸುವ ಕಾಲೇಜು ಮೊದಲ ದಿನದಿಂದಲೇ ಅಡ್ಡದಾರಿ ಕಲಿಸುತ್ತಿದೆ. ಸಹಿಗಾಗಿ ವಿದ್ಯಾರ್ಥಿ ಎಷ್ಟು ಹೊತ್ತು ಕಾಯುತ್ತಾನೆ? ಮೇಷ್ಟ್ರು ಬಾಯೊಳಗೆ ನೋಡಿ ಸಹಿ ಮಾಡುತ್ತಾರಾ, ಕುರ್ಚಿಯಲ್ಲೇ ಕೂತು ಪುಸ್ತಕಕ್ಕೆ ಮಾಡುತ್ತಾರಾ? ರೋಗಿಗೆ ಕ್ಯಾಪ್ ಕೂಡ ಇಲ್ಲೇ ಹಾಕುತ್ತಾರಾ, ಅರ್ಧಕ್ಕೇ ಕಳಿಸುತ್ತಾರಾ?

ಉಪಕರಣ ತೊಳೆಯುವ ಜಾಗವನ್ನೂ ತೋರಿಸಿ ಅಂತ ಕೇಳಿ. ಆಟೋಕ್ಲೇವ್ ಅನ್ನುವುದು 121 ಅಥವಾ 134 ಡಿಗ್ರಿ ಸೆಲ್ಸಿಯಸ್ ಹಬೆಯಲ್ಲಿ ಉಪಕರಣಗಳ ಸೋಂಕು ಕಳೆಯುವ ಯಂತ್ರ. ಅದು ಇರುವುದಷ್ಟೇ ಸಾಲದು, ದಿನದ ದಾಖಲೆ ಬರೆದಿಟ್ಟಿರಬೇಕು. ಹಲ್ಲು ಕೊರೆಯುವ ಹ್ಯಾಂಡ್‌ಪೀಸನ್ನು ಒಬ್ಬ ರೋಗಿಯಿಂದ ಇನ್ನೊಬ್ಬರಿಗೆ ಸುಮ್ನೆ ಸ್ಪಿರಿಟ್‌ನಲ್ಲಿ ಒರೆಸಿ ಹಾಕುತ್ತಿದ್ದರೆ ಅಲ್ಲಿಗೆ ನಿಲ್ಲಿಸಿ. ರೋಗಿಯ ಜೀವಕ್ಕೂ ವಿದ್ಯಾರ್ಥಿಯ ಜೀವಕ್ಕೂ ಬೆಲೆ ಕೊಡದ ಜಾಗ ಅದು.

ಕ್ಲಿನಿಕ್ಕಿಗಿಂತ ಮೊದಲಿನ ಅಭ್ಯಾಸದ ಲ್ಯಾಬ್ ಕೂಡ ಮುಖ್ಯ. ಗೊಂಬೆ ತಲೆಯಲ್ಲಿ ಪ್ಲಾಸ್ಟಿಕ್ ಹಲ್ಲು ಕೂರಿಸಿ ಕೊರೆಯುವುದನ್ನು ಅಲ್ಲಿ ಕಲಿಯುತ್ತಾರೆ. ಫ್ಯಾಂಟಮ್ ಹೆಡ್ ಅನ್ನುತ್ತಾರೆ. ತಲಾ ಒಬ್ಬರಿಗೆ ಒಂದು ಸಿಗುತ್ತದಾ, ಪಾಠದ ಸಮಯ ಮುಗಿದ ಮೇಲೂ ಹೋಗಿ ಅಭ್ಯಾಸ ಮಾಡಲು ಬಿಡುತ್ತಾರಾ ಅಂತ ಕೇಳಿ.

5. ಮಾತಾಡಬೇಕಾದವರು ಕೊನೆ ವರ್ಷದವರು

ಮೊದಲ ವರ್ಷದವರಿಗೆ ಕಾಲೇಜಿನ ಪೂರ್ತಿ ರೂಪ ಗೊತ್ತಿರುವುದಿಲ್ಲ. ಕಾಲೇಜೇ ಮುಂದೆ ತಂದು ನಿಲ್ಲಿಸಿದವರು ಬಾಯಿಪಾಠ ಒಪ್ಪಿಸುತ್ತಾರೆ. ಕೊನೆ ವರ್ಷದವರನ್ನು, ಇಂಟರ್ನ್‌ಗಳನ್ನು, ಈಚೆಗೆ ಮುಗಿಸಿ ಹೊರಬಂದವರನ್ನು ಹುಡುಕಿ. ಒಬ್ಬರ ಮಾತು ಕೇಳಿ ನಿಲ್ಲಿಸಬೇಡಿ. ಚೆನ್ನಾಗಿ ಓದುವವರು, ಹಿಂದೆ ಬಿದ್ದವರು, ಕಾಲೇಜು ಬಿಟ್ಟು ಹೋದವರು, ಮೂರೂ ಬಗೆಯವರು ಬೇಕು.

'ಕಾಲೇಜು ಹೇಗಿದೆ?' ಅಂತ ಕೇಳಿದರೆ 'ಪರವಾಗಿಲ್ಲ' ಅನ್ನುವ ಉತ್ತರ ಬರುತ್ತದೆ. ಕೆಲಸ ಹಿಡಿದು ಕೇಳಿ. 'ದವಡೆ ಹಲ್ಲಿನ ರೂಟ್ ಕೆನಾಲ್ ನೀವೇ ಪೂರ್ತಿ ಎಷ್ಟು ಮಾಡಿದ್ದೀರಿ?' 'ಹಲ್ಲೇ ಇಲ್ಲದವರಿಗೆ ಪೂರ್ತಿ ಸೆಟ್ ಮಾಡಿಕೊಟ್ಟಿದ್ದೀರಾ?' 'ಬುದ್ಧಿಹಲ್ಲು ಆಪರೇಷನ್‌ನಲ್ಲಿ ಕೈ ಹಾಕಿದ್ದೀರಾ, ಪಕ್ಕದಲ್ಲಿ ನಿಂತಿದ್ದಾ?' 'ಮಕ್ಕಳ ಹಲ್ಲಿನ ಕೇಸು ಎಷ್ಟು ಸಿಕ್ಕವು?' ಕೊನೆಗೆ ಇದೊಂದು: 'ನಾಳೆ ಒಬ್ಬರೇ ಕ್ಲಿನಿಕ್‌ನಲ್ಲಿ ಕೂತರೆ ಯಾವ ಕೆಲಸಕ್ಕೆ ಧೈರ್ಯ ಇದೆ, ಯಾವುದಕ್ಕೆ ಇಲ್ಲ?' ಈ ಪ್ರಶ್ನೆಗೆ ಯಾರೂ ತಯಾರಿ ಮಾಡಿಕೊಂಡು ಬಂದಿರುವುದಿಲ್ಲ, ಹಾಗಾಗಿ ನಿಜ ಹೊರಬರುತ್ತದೆ.

ಕೋಟಾ ಬಗ್ಗೆಯೂ ಕೇಳಿ. ಇಂತಿಷ್ಟು ಫಿಲ್ಲಿಂಗ್, ಇಂತಿಷ್ಟು ಹಲ್ಲು ಕೀಳುವುದು, ಇಂತಿಷ್ಟು ಸೆಟ್ ಮುಗಿಸಿದರೆ ಮಾತ್ರ ಮುಂದೆ ಅಂತ ಕಾಲೇಜುಗಳು ಲೆಕ್ಕ ಇಟ್ಟಿರುತ್ತವೆ. ಆ ರೋಗಿಗಳನ್ನು ಯಾರು ಕರೆತರಬೇಕು? ವಿದ್ಯಾರ್ಥಿಗಳೇ ನೆಂಟರನ್ನು, ಪರಿಚಯದವರನ್ನು ಬೇಡಿಕೊಂಡು, ಕೈಯಿಂದ ದುಡ್ಡು ಕೊಟ್ಟು ಕರೆತರುವ ಪರಿಸ್ಥಿತಿ ಇದ್ದರೆ ಆ ಕಾಲೇಜಿಗೆ ರೋಗಿಗಳ ಬರ ಇದೆ ಅಂತ ಅರ್ಥ. ಪರೀಕ್ಷೆ ಹತ್ತಿರ ಬಂದಾಗ ಆ ಹುಡುಗರು ಪಡುವ ಪಾಡು ನೋಡಲಾಗದು. ಇದು ನನ್ನ ದೃಷ್ಟಿಯಲ್ಲಿ ಹಳೆ ಕಟ್ಟಡ, ಸಣ್ಣ ಹಾಸ್ಟೆಲ್ ಎಲ್ಲಕ್ಕಿಂತ ದೊಡ್ಡ ಕೊರತೆ.

ತಪಾಸಣೆಯ ದಿನಗಳ ಬಗ್ಗೆ ಕೂಡ ಮೆಲ್ಲಗೆ ಕೇಳಿ. ಅವತ್ತು ಮಾತ್ರ ಕಾಣುವ ಮೇಷ್ಟ್ರು, ಅವತ್ತು ಮಾತ್ರ ತುಂಬುವ ಬೆಂಚು ಇದ್ದರೆ ವಿದ್ಯಾರ್ಥಿಗಳಿಗೆ ಗೊತ್ತೇ ಇರುತ್ತದೆ. ರ್‍ಯಾಗಿಂಗ್, ಹೆಣ್ಣುಮಕ್ಕಳ ಸುರಕ್ಷತೆ, ದೂರು ಕೊಟ್ಟರೆ ಏನಾಗುತ್ತದೆ ಅನ್ನುವುದನ್ನು ಹುಡುಗಿಯರನ್ನೇ ಕೇಳಿ. ಅವರು ಹೇಳಿದ್ದನ್ನು ಅವರ ಹೆಸರು ಹಿಡಿದು ಎಲ್ಲೂ ಆಡಬೇಡಿ. ಅವರು ಇನ್ನೂ ಅಲ್ಲೇ ಪರೀಕ್ಷೆ ಬರೆಯಬೇಕು, ಅಲ್ವಾ?

6. ಕಾಲೇಜನ್ನೇ ನೇರ ಕೇಳಿ

ನಿಮ್ಮ ಹಾಳೆಯಲ್ಲಿ ಉಳಿದ ಭಾರದ ದೂರುಗಳನ್ನು ಕಾಲೇಜಿಗೇ ಬರೆದು ಕೇಳಿ. ಮರ್ಯಾದೆಯಿಂದ, ಆದರೆ ಸುತ್ತಿ ಬಳಸದೆ. 'ಕ್ಲಿನಿಕ್ಕಿಗೆ ರೋಗಿಗಳು ಕಡಿಮೆ ಅಂತ ಕೇಳಿದ್ದೇವೆ. ಕಳೆದ ಬ್ಯಾಚಿನ ಒಬ್ಬ ವಿದ್ಯಾರ್ಥಿ ಸರಾಸರಿ ಎಷ್ಟು ಕೇಸ್ ಮುಗಿಸಿದ್ದಾರೆ?' ಹೌದು, ಕಡಿಮೆಯಾಗಿತ್ತು, ಈಗ ಹಳ್ಳಿಗಳಲ್ಲಿ ಶಿಬಿರ ಮಾಡಿ ಬಸ್ಸಿನಲ್ಲಿ ಕರೆತರುತ್ತಿದ್ದೇವೆ, ಲೆಕ್ಕ ಇಲ್ಲಿದೆ ಅನ್ನುವ ಕಾಲೇಜನ್ನು ನಂಬಬಹುದು. 'ಅದೆಲ್ಲ ಸುಳ್ಳು, ಮೊದಲು ಫೀಸು ಕಟ್ಟಿ' ಅನ್ನುವ ಕಾಲೇಜು ಮುಂದೆ ನೀವು ಕಷ್ಟದಲ್ಲಿದ್ದಾಗಲೂ ಅದೇ ಧಾಟಿಯಲ್ಲಿ ಮಾತಾಡುತ್ತದೆ.

ಕಮಿಷನ್ ಪಡೆಯುವ ಏಜೆಂಟರ ಮಾತನ್ನು ಹಾಳೆಯಲ್ಲಿ ಬರೆದುಕೊಳ್ಳಲೇಬೇಡಿ.

7. ಮುಂದಿನ ದಾರಿಗೆ ಹೆಸರು ಎಷ್ಟು ಬೇಕು?

ಚೇರಿನ ಮೇಲೆ ಮಲಗುವ ರೋಗಿ 'ನೀವು ಓದಿದ್ದು ಎಲ್ಲಿ?' ಅಂತ ಕೇಳುವುದು ತೀರಾ ಅಪರೂಪ. ನೋವು ಹೋಯಿತಾ, ಡಾಕ್ಟರು ಸರಿಯಾಗಿ ಮಾತಾಡಿದರಾ ಅನ್ನುವುದಷ್ಟೇ ಅವರಿಗೆ ಬೇಕು. ಸಾಮಾನ್ಯ ಪ್ರಾಕ್ಟೀಸ್ ಮಾಡುವ ಯೋಚನೆ ಇದ್ದರೆ ಹೆಸರಿನ ಚಿಂತೆಯನ್ನು ಬಹುಮಟ್ಟಿಗೆ ಬಿಡಬಹುದು.

ಮುಂದೆ ಸ್ಪೆಷಲಿಸ್ಟ್ ಆಗುವ ಆಸೆ ಇದ್ದರೆ ಆ ಸೀಟು ಹೇಗೆ ಕೊಡುತ್ತಾರೆ ಅಂತ ನೋಡಿ. ಭಾರತದಲ್ಲಿ ಎಂಡಿಎಸ್ ಸೀಟು ನೀಟ್ ರ್‍ಯಾಂಕಿನ ಮೇಲೆ ಸಿಗುತ್ತದೆ. ಅಲ್ಲಿ ಬಿಡಿಎಸ್ ಮಾಡಿದ ಕಾಲೇಜಿನ ಹೆಸರಿಗೆ ಅಂಕ ಇಲ್ಲ. ಅಮೆರಿಕದಲ್ಲಿ ಲೈಸೆನ್ಸಿಗಾಗಿ ಬರೆಯುವ, 2020ರಲ್ಲಿ ಶುರುವಾದ ಐಎನ್‌ಬಿಡಿಇ ಪರೀಕ್ಷೆ ಪಾಸು ಅಥವಾ ಫೇಲು ಅಂತಷ್ಟೇ ಹೇಳುತ್ತದೆ. ಅದರಿಂದಾಗಿ ಅಲ್ಲಿ ತರಗತಿಯಲ್ಲಿನ ಸ್ಥಾನ, ಮೇಷ್ಟ್ರುಗಳ ಶಿಫಾರಸು ಪತ್ರ ಇವುಗಳಿಗೆ ಬೆಲೆ ಬರುತ್ತದೆ. ಅಂಥ ಕಡೆ ವಿದ್ಯಾರ್ಥಿಯನ್ನು ಹೆಸರು ಹಿಡಿದು ಬಲ್ಲ ಮೇಷ್ಟ್ರು ಇರುವ ಸಣ್ಣ ಕಾಲೇಜು ದೊಡ್ಡ ಹೆಸರಿನ ಕಾಲೇಜಿಗಿಂತ ಕೆಲವೊಮ್ಮೆ ಒಳ್ಳೆಯದು.

8. ದುಡ್ಡು, ಮತ್ತು ಕೈಯಲ್ಲಿರುವ ಇನ್ನೊಂದು ದಾರಿ

ಈ ಕಾಲೇಜನ್ನು ಕನಸಿನ ಕಾಲೇಜಿನ ಜೊತೆ ಹೋಲಿಸಬೇಡಿ. ನಿಜವಾಗಿ ನಿಮ್ಮ ಮುಂದೆ ಇರುವ ಇನ್ನೊಂದು ದಾರಿ ಯಾವುದು? ಬೇರೆ ಕಾಲೇಜಾ, ಒಂದು ವರ್ಷ ಕಾಯುವುದಾ, ಬೇರೆ ಕೋರ್ಸಾ? ಅದರ ಜೊತೆ ಹೋಲಿಸಿ. ಫೀಸಿನ ಜೊತೆಗೆ ಉಪಕರಣಗಳ ಖರ್ಚು, ಪರೀಕ್ಷೆ ಶುಲ್ಕ, ಒಂದು ವರ್ಷ ಹೆಚ್ಚು ಹಿಡಿದರೆ ಬೀಳುವ ಹೊರೆ ಎಲ್ಲ ಸೇರಿಸಿ ಲೆಕ್ಕ ಹಾಕಿ. ಹೆಸರು ಕೆಟ್ಟ ಕಾಲೇಜಿಗೆ ದೊಡ್ಡ ಸಾಲ ಮಾಡಿ ಸೇರುವುದು ಎರಡು ಕಡೆಯ ಭಾರ. ಫೀಸು ಕಡಿಮೆ ಇದ್ದು ರೋಗಿಗಳು ತುಂಬಿದ್ದರೆ ಮಾತೇ ಬೇರೆ.

ನಾನು ಎಲ್ಲಿ ಗೆರೆ ಎಳೆಯುತ್ತೇನೆ ಅಂತ ಹೇಳುತ್ತೇನೆ. ಮಾನ್ಯತೆ ಅನುಮಾನದಲ್ಲಿದ್ದರೆ ಬೇಡ. ರೋಗಿಗಳಿಲ್ಲದಿದ್ದರೆ ಬೇಡ. ಸೋಂಕು ತಡೆಯುವ ವಿಷಯದಲ್ಲಿ ಉಡಾಫೆ ಇದ್ದರೆ ಬೇಡ. ಕಿರುಕುಳದ ದೂರನ್ನು ಮುಚ್ಚಿಹಾಕುವ ಜಾಗ ಅಂತ ಎರಡು ಮೂರು ಕಡೆಯಿಂದ ಬೇರೆ ಬೇರೆಯಾಗಿ ಕೇಳಿಬಂದರೆ ಬೇಡ. ಇವಿಷ್ಟು ಸರಿ ಇದ್ದು, ಉಳಿದ ಕೊರತೆಗಳು ಕಟ್ಟಡ, ಊರು, ಹೆಸರಿನವಾದರೆ ಸೇರಿ. ಧೈರ್ಯವಾಗಿ ಸೇರಿ, ಆಮೇಲೆ ಯಾರ ಮುಖ ಸಪ್ಪಗಾದರೂ ತಲೆ ಕೆಡಿಸಿಕೊಳ್ಳಬೇಡಿ.

9. ಸೇರುವುದಾದರೆ

ಫೀಸು ಕಟ್ಟುವ ಮೊದಲು, ಬಿಟ್ಟು ಹೋದರೆ ಎಷ್ಟು ವಾಪಸ್ ಕೊಡುತ್ತಾರೆ, ಮುಂದಿನ ವರ್ಷಗಳಲ್ಲಿ ಫೀಸು ಎಷ್ಟು ಏರಿಸಬಹುದು ಅನ್ನುವುದನ್ನು ಬರಹದಲ್ಲಿ ತೆಗೆದುಕೊಳ್ಳಿ. ಮೂಲ ಅಂಕಪಟ್ಟಿಗಳನ್ನು ಕಾಲೇಜು ಇಟ್ಟುಕೊಳ್ಳುತ್ತದಾ ಕೇಳಿ. ಇಟ್ಟುಕೊಳ್ಳುತ್ತದೆ ಅಂದರೆ ಯಾಕೆ, ಎಲ್ಲಿಯವರೆಗೆ ಅಂತ ಕೇಳಿ, ರಸೀತಿ ಪಡೆಯಿರಿ.

ಕ್ಲಿನಿಕ್ ಶುರುವಾದ ದಿನದಿಂದ ನೀವು ಮಾಡಿದ ಒಂದೊಂದು ಕೆಲಸವನ್ನೂ ನಿಮ್ಮದೇ ಪುಸ್ತಕದಲ್ಲಿ ಬರೆದಿಡಿ. ತಾರೀಖು, ಯಾವ ಹಲ್ಲು, ಏನು ಮಾಡಿದಿರಿ, ಮೇಷ್ಟ್ರು ಏನು ತಿದ್ದಿದರು. ರೋಗಿಯ ಹೆಸರು ಬೇಡ. ಯಾವ ಬಗೆಯ ಕೇಸು ಕಡಿಮೆ ಬಿದ್ದಿದೆ ಅಂತ ಅದರಲ್ಲಿ ಬೇಗ ಕಾಣುತ್ತದೆ. ಕಂಡ ಕೂಡಲೇ ಆ ವಿಭಾಗದ ಮೇಷ್ಟ್ರ ಹತ್ತಿರ ಹೋಗಿ ಕೇಸು ಕೇಳಿ. ಕೊನೆ ತಿಂಗಳವರೆಗೆ ಕಾಯಬೇಡಿ, ಆಗ ಎಲ್ಲರೂ ಅದೇ ಕೇಸಿಗೆ ಸಾಲು ನಿಂತಿರುತ್ತಾರೆ.